ಮಕ್ಕಳ ಮೊಣಕೈ ಎತ್ತರಕ್ಕೊಂದು ಫುಟ್‌ಬಾಲ್ ಪೆಟ್ಟಿಗೆ: ದಾವಣಗೆರೆಯ ಬೇಸಿಗೆಯಲ್ಲಿ ನಡೆದ ಕೆಲಸದ ದಿನಚರಿ

ಏಪ್ರಿಲ್ 12

ಬೇಸಿಗೆ ರಜೆಗೆಂದು ನಿಟುವಳ್ಳಿಯ ನಮ್ಮ ಮನೆಗೆ ಬಂದಿರುವ ತಂಗಿಯ ಮಕ್ಕಳಿಬ್ಬರಲ್ಲಿ ಹುಡುಗನಿಗೆ 9 ವರ್ಷ, ಹುಡುಗಿಗೆ 6 ವರ್ಷ. ಬೆಳಿಗ್ಗೆ ಬಿಸಿಲೇರುವವರೆಗೆ ಬೀದಿಯ ಮಕ್ಕಳೊಡನೆ ಚೆಂಡು ಒದೆಯುತ್ತಾರೆ. ಹತ್ತು ಗಂಟೆಯ ನಂತರ ಹೊರಗೆ ಕಾಲಿಡಲು ಆಗುವುದಿಲ್ಲವಾದ್ದರಿಂದ ಮೊಬೈಲಿನಲ್ಲಿ ಫುಟ್‌ಬಾಲ್ ಆಟವೊಂದನ್ನು ತೆರೆದು ಕೂರುತ್ತಾರೆ. ನಾನು ಎರಡು ದಿನ ಪಕ್ಕದಲ್ಲಿ ಕುಳಿತು ನೋಡಿದೆ. ಹನ್ನೊಂದು ಆಟಗಾರರಲ್ಲಿ ತನ್ನವನು ಯಾರೆಂದು ಹುಡುಗಿಗೆ ತಿಳಿಯುತ್ತಿರಲಿಲ್ಲ, ಗಾಜಿನ ಮೇಲೆ ಬರೆದ ಗುಂಡಿಗಳು ಅವಳ ಬೆರಳಿಗೆ ಸಿಗುತ್ತಿರಲಿಲ್ಲ, ಸಿಕ್ಕಾಗಲೂ ಚೆಂಡು ಅವಳು ಒತ್ತಿದ ಎಷ್ಟೋ ಹೊತ್ತಿನ ಮೇಲೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮೊಬೈಲನ್ನು ಅಣ್ಣನ ಕೈಗೆ ಕೊಟ್ಟು ಸುಮ್ಮನೆ ನೋಡುತ್ತಾ ಕೂರುತ್ತಿದ್ದಳು. ಫುಟ್‌ಬಾಲನ್ನು ಇಷ್ಟು ಇಷ್ಟಪಡುವ ಮಗು ಪ್ರೇಕ್ಷಕಳಾಗಿ ಉಳಿದದ್ದು ನನಗೆ ಸರಿ ಕಾಣಲಿಲ್ಲ.

ಪಾಲಿಟೆಕ್ನಿಕ್ ಒಂದರಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ನನಗೂ ಈ ತಿಂಗಳು ಬಿಡುವಿದೆ. ಇಬ್ಬರು ನಿಂತು ಆಡುವ, ನಿಜವಾದ ಗುಂಡಿ ಮತ್ತು ಹಿಡಿಕೆಗಳಿರುವ (ಜಾಯ್‌ಸ್ಟಿಕ್) ಮರದ ಪೆಟ್ಟಿಗೆಯನ್ನೂ ಅದರೊಳಗಿನ ಆಟವನ್ನೂ ಮನೆಯಲ್ಲೇ ಕಟ್ಟುವುದೆಂದು ತೀರ್ಮಾನಿಸಿದ್ದೇನೆ. ಮಾಡಿದ್ದನ್ನು ಮಾಡಿದ ಹಾಗೆಯೇ, ತಪ್ಪಿದ್ದನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತೇನೆ.

ಏಪ್ರಿಲ್ 13

ಅಟ್ಟದ ಮೇಲಿದ್ದ 17 ಇಂಚಿನ ಹಳೆಯ ಎಲ್‌ಸಿಡಿ ಮಾನಿಟರ್ ಕೆಳಗಿಳಿಯಿತು. ಸ್ವಿಚ್ ಹಾಕಿದರೆ ಎರಡು ಕ್ಷಣ ಬೆಳಗಿ ಆರುತ್ತಿತ್ತು. ಹಿಂಬದಿಯ ಮುಚ್ಚಳ ತೆಗೆದಾಗ ಪವರ್ ಬೋರ್ಡಿನಲ್ಲಿ ಎರಡು ಕೆಪಾಸಿಟರ್‌ಗಳ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ) ತಲೆ ಉಬ್ಬಿ ನಿಂತಿರುವುದು ಬರಿಗಣ್ಣಿಗೇ ಕಂಡಿತು. ಎರಡೂ 1000 ಮೈಕ್ರೋಫ್ಯಾರಡ್, 16 ವೋಲ್ಟಿನವು. ಅಷ್ಟೇ ಮೈಕ್ರೋಫ್ಯಾರಡಿನ, 25 ವೋಲ್ಟ್ ಮತ್ತು 105 ಡಿಗ್ರಿ ತಾಳುವ ಹೊಸವನ್ನು ಊರಿನ ರೇಡಿಯೋ ಬಿಡಿಭಾಗದ ಅಂಗಡಿಯಲ್ಲಿ ಕೊಂಡು ಬೆಸುಗೆ ಹಾಕಿದ ಮೇಲೆ ಪರದೆ ಆರದೆ ನಿಂತಿತು. ಈ ಕೆಲಸಕ್ಕೆ ಕೈ ಹಾಕುವವರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು: ಅದೇ ಬೋರ್ಡಿನಲ್ಲಿರುವ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ನಂತರವೂ 300 ವೋಲ್ಟಿಗಿಂತ ಹೆಚ್ಚಿನ ವಿದ್ಯುತ್ ಉಳಿದಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮಲ್ಟಿಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಬೆರಳಿಡಬೇಕು. ಮಕ್ಕಳು ಕೋಣೆಯಲ್ಲಿರುವಾಗ ಮುಚ್ಚಳವನ್ನು ತೆಗೆಯಲೇಬಾರದು.

ಈ ಮಾನಿಟರಿನ ಅಳತೆ 1280 ಅಡ್ಡ, 1024 ಉದ್ದದ ಚುಕ್ಕಿಗಳು. ಎರಡನ್ನೂ ನಾಲ್ಕರಿಂದ ಭಾಗಿಸಿದರೆ 320 ಮತ್ತು 256 ಬರುತ್ತದೆ. 1980ರ ದಶಕದ ಮನೆಬಳಕೆಯ ಕಂಪ್ಯೂಟರಾದ ಅಮಿಗಾದ, ಪಾಲ್ ಎಂಬ ಟಿವಿ ಪದ್ಧತಿಗೆ ಮಾಡಿದ ಆವೃತ್ತಿಯ ಸಾಮಾನ್ಯ ಪರದೆಯ ಅಳತೆಯೂ ಇಷ್ಟೇ ಆಗಿತ್ತು. ಆಟದ ಒಂದು ಚುಕ್ಕಿಗೆ ಪರದೆಯ ಹದಿನಾರು ಚುಕ್ಕಿಗಳು ಕರಾರುವಾಕ್ಕಾಗಿ ಹೊಂದುವುದರಿಂದ ಚಿತ್ರ ಎಲ್ಲಿಯೂ ಮಸುಕಾಗುವುದಿಲ್ಲ. ಹಳೆಯ ಚೌಕದಂಥ ಮಾನಿಟರ್ ಸಿಕ್ಕಿದ್ದು ಅನುಕೂಲವೇ ಆಯಿತು.

ಏಪ್ರಿಲ್ 15

ಇವತ್ತು ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆದೆ. ಹುಡುಗಿಯ ಎತ್ತರ 112 ಸೆಂ.ಮೀ., ಮೊಣಕೈ ನೆಲದಿಂದ 67 ಸೆಂ.ಮೀ.; ಹುಡುಗನ ಎತ್ತರ 131, ಮೊಣಕೈ 79. ದೊಡ್ಡವರ ಆಟದ ಪೆಟ್ಟಿಗೆಗಳಲ್ಲಿ ಗುಂಡಿಯ ಹಲಗೆ ಇವರ ಎದೆಗೋ ಗಲ್ಲಕ್ಕೋ ಬರುತ್ತದೆ. ಕೈ ಮೇಲೆತ್ತಿ ಆಡುವ ಮಗುವಿನ ಭುಜ ಐದು ನಿಮಿಷಕ್ಕೇ ಸೋಲುತ್ತದೆ. ಹಲಗೆಯನ್ನು 66 ಸೆಂ.ಮೀ.ಗೆ ನಿಲ್ಲಿಸಿದೆ. ಚಿಕ್ಕವಳಿಗೆ ಸರಿಯಾದ ಎತ್ತರದಲ್ಲಿ ದೊಡ್ಡವನು ಸ್ವಲ್ಪ ಬಾಗಿ ಆಡಬಲ್ಲ, ಆದರೆ ದೊಡ್ಡವನಿಗೆ ಸರಿಯಾದ ಎತ್ತರದಲ್ಲಿ ಚಿಕ್ಕವಳು ಆಡಲಾರಳು.

ಮರದ ಕೆಲಸವನ್ನು ನಮ್ಮ ಬೀದಿಯಲ್ಲೇ ಬಾಗಿಲು ಕಿಟಕಿ ಮಾಡುವ ಆಚಾರ್ರಿಗೆ ಒಪ್ಪಿಸಿದೆ. ಎಂಟು ಅಡಿ ನಾಲ್ಕು ಅಡಿಯ ಒಂದು ಹಾಳೆ ಪ್ಲೈವುಡ್‌ನಲ್ಲಿ ಎಲ್ಲವೂ ಮುಗಿಯಬೇಕೆಂದು ನಕ್ಷೆ ಬರೆದುಕೊಂಡು ಹೋಗಿದ್ದೆ. ಅವರು ನಕ್ಷೆಯನ್ನು ನೋಡಿ ಹಲಗೆಯ ಎರಡು ಮೂಲೆಗಳ ಮೇಲೆ ಬೆರಳಿಟ್ಟು, "ಮೇಷ್ಟ್ರೇ, ಈ ಮೂಲೆ ಸರಿಯಾಗಿ ಓಡಾಡೋ ಮಕ್ಕಳ ಹಣೆ ಎತ್ತರಕ್ಕೇ ಬರ್ತದೆ, ದುಂಡಗೆ ಮಾಡ್ತೀನಿ" ಎಂದರು. ಆಗಷ್ಟೇ ನಡೆಯಲು ಕಲಿತ ಮಕ್ಕಳು ಸುತ್ತ ಓಡಾಡುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಮೂಲೆಗಳನ್ನು ಬಟ್ಟಲಿನ ಅಂಚಿನಷ್ಟು ದುಂಡಗೆ ತಿರುಗಿಸಿ, ಅಂಚಿಗೆ ರಬ್ಬರ್ ಪಟ್ಟಿ ಕೂರಿಸಿ, ಮೇಲೆ ಸನ್‌ಮೈಕಾ ಹಾಕಿಕೊಟ್ಟರು.

ಹಿಡಿಕೆಯ ಕಡ್ಡಿ 18 ಮಿ.ಮೀ. ದಪ್ಪದ ಹಲಗೆಯಿಂದ ಮೇಲೆ ಬಂದಾಗ ಹಿಡಿಯಲು ಉಳಿದದ್ದು ಅದರ ತುದಿಯ ಉಂಡೆಯಷ್ಟೇ. ಇದು ಮರದ ಹಲಗೆ ಬಳಸುವ ಹಲವರಿಗೆ ಎದುರಾಗುವ ತೊಂದರೆ. ಆಚಾರ್ರು ಹಲಗೆಯ ಕೆಳಭಾಗದಲ್ಲಿ ಹಿಡಿಕೆಯ ತಳ ಕೂರುವಷ್ಟು ಜಾಗವನ್ನು ಉಳಿಯಿಂದ 10 ಮಿ.ಮೀ. ಆಳಕ್ಕೆ ಕೆತ್ತಿದ ಮೇಲೆ ಕಡ್ಡಿ ಸರಿಯಾದ ಎತ್ತರಕ್ಕೆ ಬಂತು. ಒದೆಯುವ ಗುಂಡಿಗೆ ಮೊದಲು 60 ಮಿ.ಮೀ.ನ ದೊಡ್ಡ ಗುಮ್ಮಟದ ಗುಂಡಿ ಹಾಕಿದ್ದೆ, ಚಿಕ್ಕ ಮಕ್ಕಳಿಗೆ ದೊಡ್ಡದಿದ್ದರೆ ಒಳ್ಳೆಯದೆಂಬ ಎಣಿಕೆಯಿಂದ. ಆದರೆ ಅದನ್ನು ಬಹಳ ಆಳಕ್ಕೆ ಒತ್ತಬೇಕು, ಅಂಚಿನಲ್ಲಿ ಒತ್ತಿದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. 30 ಮಿ.ಮೀ.ನ ಸಾಮಾನ್ಯ ಗುಂಡಿಯೇ ಚಿಕ್ಕ ಕೈಗೂ ಉತ್ತಮವೆಂದು ಗೊತ್ತಾಯಿತು. ದಾವಣಗೆರೆಯಲ್ಲಿ ಈ ಗುಂಡಿಗಳು ನನಗೆ ಸಿಗಲಿಲ್ಲ, ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಗೆಳೆಯರೊಬ್ಬರು ತಂದುಕೊಟ್ಟರು.

ಏಪ್ರಿಲ್ 19

ಒಳಗಿನ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4 ಎಂಬ, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್. ಗುಂಡಿಗಳನ್ನು ಅದಕ್ಕೆ ಜೋಡಿಸಲು ಒಂದೇ ಬಗೆಯ ಎರಡು ಯುಎಸ್‌ಬಿ ಬೋರ್ಡ್‌ಗಳನ್ನು ತಂದಿದ್ದೆ. ಎರಡು ದಿನ ಚೆನ್ನಾಗಿ ನಡೆದು ಮೂರನೆಯ ಬೆಳಿಗ್ಗೆ ನೀಲಿ ಬದಿಯ ಹಿಡಿಕೆ ತಿರುಗಿಸಿದರೆ ಹಳದಿ ಅಂಗಿಯವರು ಓಡತೊಡಗಿದರು. ಹುಡುಗಿ ನೀಲಿ ಬದಿಯಲ್ಲಿ ನಿಂತು ಒತ್ತಿ ಒತ್ತಿ, ತನ್ನವರು ಮಾತು ಕೇಳುತ್ತಿಲ್ಲವೆಂದು ಅತ್ತುಬಿಟ್ಟಳು. ಎರಡು ಬೋರ್ಡುಗಳಿಗೂ ಹೆಸರು ಒಂದೇ, ಗುರುತಿನ ಸಂಖ್ಯೆಯೂ ಒಂದೇ. ಕಂಪ್ಯೂಟರ್ ಪ್ರತಿ ಸಲ ಎದ್ದಾಗ ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದನ್ನು ಮೊದಲನೆಯ ಆಟಗಾರನೆಂದು ತಿಳಿಯುತ್ತಿತ್ತು.

ಬೋರ್ಡು ಯಾವ ಕಿಂಡಿಯಲ್ಲಿದೆ ಎಂಬುದರಿಂದ ಗುರುತಿಸುವ ದಾರಿಯೂ ಇತ್ತು. ಆದರೆ ಮಧ್ಯೆ ಬೋರ್ಡುಗಳೇ ಇಲ್ಲದಿದ್ದರೆ ಇನ್ನೂ ನಂಬಿಕೆಗೆ ಯೋಗ್ಯವೆಂದು, ತಂತಿಗಳನ್ನು ನೇರವಾಗಿ ಪೈಯ 40 ಪಿನ್ನುಗಳ ಸಾಲಿಗೆ ತಂದೆ. ಅದರಲ್ಲಿ ನಮ್ಮ ಉಪಯೋಗಕ್ಕೆ ಸಿಗುವವು 26. ಒಂದೊಂದು ಬದಿಗೆ ನಾಲ್ಕು ದಿಕ್ಕು, ಒಂದು ಒದೆತ, ಮುಂದೆ ಬೇಕಾದೀತೆಂದು ಒಂದು ಸ್ವಿಚ್ಚಿನ ಜಾಗ, ಹೀಗೆ ಆರು. ಎರಡು ಬದಿಗೆ ಹನ್ನೆರಡು. ಪಂದ್ಯ ಶುರು ಮಾಡುವ ಗುಂಡಿಯೊಂದು ಸೇರಿ ಹದಿಮೂರು. ಪಿನ್ನಿನ ವೋಲ್ಟೇಜನ್ನು ಒಳಗಿನ ರೆಸಿಸ್ಟರಿನಿಂದ ಮೇಲಕ್ಕೆಳೆದು ಇಟ್ಟು, ಗುಂಡಿ ಒತ್ತಿದಾಗ ಪಿನ್ನು ನೆಲದ (ಗ್ರೌಂಡ್) ತಂತಿಗೆ ಕೂಡುವಂತೆ ಮಾಡಿದೆ. ಈ ಪಿನ್ನುಗಳು 3.3 ವೋಲ್ಟಿನವು, 5 ವೋಲ್ಟ್ ತಗಲಿದರೆ ಸುಟ್ಟುಹೋಗಬಹುದಾದ್ದರಿಂದ 5 ವೋಲ್ಟಿನ ತಂತಿಯನ್ನು ಈ ಗುಂಪಿನ ಹತ್ತಿರಕ್ಕೂ ಒಯ್ದಿಲ್ಲ. ಗುಂಡಿಯೊಳಗಿನ ಲೋಹದ ನಾಲಿಗೆ ಒತ್ತಿದಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ಒಂದು ಒತ್ತು ಎರಡಾಗಿ ಎಣಿಕೆಯಾಗದಂತೆ 5 ಮಿಲಿಸೆಕೆಂಡ್ ಕಾಯುವ ಏರ್ಪಾಡು ಪೈಯನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸಿನಲ್ಲೇ ಇದೆ. ಅಂದಿನಿಂದ ನೀಲಿ ನೀಲಿಯಾಗಿಯೇ ಇದೆ.

ಏಪ್ರಿಲ್ 24

ಇನ್ನು ಆಟದ ಮಾತು. ಬರೆಯುತ್ತಿರುವುದು ಪೈಥಾನಿನಲ್ಲಿ ಆಟ ಕಟ್ಟಲು ನೆರವಾಗುವ ಪೈಗೇಮ್‌ನಲ್ಲಿ. ಮೈದಾನವನ್ನು ಮೇಲಿನಿಂದ ನೋಡುವ ಬಗೆಯನ್ನೇ ಆರಿಸಿಕೊಂಡೆ. 1985ರ ಟೆಹ್ಕಾನ್ ವರ್ಲ್ಡ್ ಕಪ್, 1989ರ ಕಿಕ್ ಆಫ್, 1992ರ ಸೆನ್ಸಿಬಲ್ ಸಾಕರ್ ಮೂರೂ ಹೀಗೆ ಮೇಲಿನಿಂದ ಕಾಣುವ ಆಟಗಳು. ಆದರೆ ಅವುಗಳಲ್ಲಿ ಮೈದಾನ ಪರದೆಗಿಂತ ದೊಡ್ಡದು, ಚೆಂಡಿನ ಹಿಂದೆ ಚಿತ್ರ ಸರಿಯುತ್ತದೆ. ಸರಿಯುವ ಮೈದಾನದಲ್ಲಿ ಆರು ವರ್ಷದ ಮಗುವಿಗೆ ತನ್ನ ಗೋಲು ಯಾವ ಕಡೆಗಿದೆ ಎಂಬುದು ಮರೆತುಹೋಗುತ್ತದೆ. ಆದ್ದರಿಂದ ಇಡೀ ಮೈದಾನ ಒಂದೇ ಪರದೆಯಲ್ಲಿ, ಅಲುಗಾಡದೆ ನಿಲ್ಲಬೇಕೆಂದು 288ಕ್ಕೆ 208 ಚುಕ್ಕಿಗಳ ಅಂಗಳವನ್ನು ಗುರುತು ಮಾಡಿದೆ. ನಿಜವಾದ ಗೋಲಿನ ಅಗಲ 7.32 ಮೀಟರ್, ಮೈದಾನದ ಅಗಲ ಸಾಮಾನ್ಯವಾಗಿ 68 ಮೀಟರ್. ಆ ಲೆಕ್ಕದಲ್ಲಿ ನನ್ನ ಗೋಲು 22 ಚುಕ್ಕಿ ಆಗಬೇಕಿತ್ತು. ಅದನ್ನು 52 ಮಾಡಿದೆ. ಹನ್ನೊಂದರ ಬದಲು ಬದಿಗೆ ನಾಲ್ವರು, ಅದರಲ್ಲಿ ಒಬ್ಬ ಗೋಲ್‌ಕೀಪರ್. ಆಫ್‌ಸೈಡ್ ಇಲ್ಲ, ಥ್ರೋ ಇಲ್ಲ. ಚೆಂಡು ಗೆರೆಗೆ ತಾಗಿ ಕಾಂಪೌಂಡಿಗೆ ತಗುಲಿದಂತೆ ಮರಳುತ್ತದೆ. ಬೀದಿಯಲ್ಲಿ ಅವರು ಆಡುವುದೂ ಹಾಗೆಯೇ.

ಚೆಂಡಿನ ವೇಗವನ್ನು ಪ್ರತಿ ಫ್ರೇಮಿನಲ್ಲಿ, ಅಂದರೆ ಪರದೆಯ ಚಿತ್ರ ಬದಲಾಗುವ ಪ್ರತಿ ಸಲವೂ, ಒಂದು ಸಂಖ್ಯೆಯಿಂದ ಗುಣಿಸಿ ಕುಂದಿಸುತ್ತೇನೆ. ಸೆಕೆಂಡಿಗೆ 60 ಫ್ರೇಮು. ಮೊದಲು ಆ ಸಂಖ್ಯೆ 0.97 ಇತ್ತು. ಫ್ರೇಮಿಗೆ 4 ಚುಕ್ಕಿ ವೇಗದಲ್ಲಿ ಹೊರಟ ಚೆಂಡು ಒಟ್ಟು 133 ಚುಕ್ಕಿ ಉರುಳಿ ನಿಲ್ಲುತ್ತಿತ್ತು, ಅಂದರೆ ಮೈದಾನದ ಅರ್ಧಕ್ಕೂ ಕಡಿಮೆ. ಹುಡುಗ ಎರಡು ಸಲ ಒದ್ದು ನೋಡಿ, "ಮಾಮ, ಈ ಚೆಂಡಿಗೆ ಗಾಳಿ ಕಮ್ಮಿ ಇದೆ" ಎಂದ. ಅವನ ಮಾತು ನನ್ನ ತಪ್ಪನ್ನು ಸರಿಯಾಗಿ ಹಿಡಿದಿತ್ತು. ನಾನು ಟಿವಿಯಲ್ಲಿ ಕಾಣುವ ಹುಲ್ಲಿನ ಅಂಗಳವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಅವನ ಕಾಲಿಗೆ ಗೊತ್ತಿರುವುದು ಏಪ್ರಿಲ್ ತಿಂಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುವ ನಮ್ಮ ಹೈಸ್ಕೂಲ್ ಮೈದಾನದ ನೆಲ. ಸಂಖ್ಯೆಯನ್ನು 0.985 ಮಾಡಿದಾಗ ಅದೇ ಒದೆತಕ್ಕೆ ಚೆಂಡು 267 ಚುಕ್ಕಿ, ಹೆಚ್ಚುಕಡಿಮೆ ಇಡೀ ಅಂಗಳದ ಉದ್ದಕ್ಕೂ ಉರುಳಿತು. ಅಂಗಳದ ಬಣ್ಣವನ್ನೂ ಹಸಿರಿನಿಂದ ಮಣ್ಣಿನ ಕೆಂಪಿಗೆ ತಿರುಗಿಸಿ ಸುಣ್ಣದ ಗೆರೆ ಎಳೆದೆ. ಬಿಳಿ ಚೆಂಡು ಆ ಬಣ್ಣದ ಮೇಲೆ ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ.

ವೇಗ ಹೆಚ್ಚಿದ ಕೂಡಲೇ ಹೊಸ ತೊಂದರೆ ಬಂತು. ಹತ್ತಿರದಿಂದ ಒದ್ದ ಚೆಂಡು ಗೋಲಿನ ಕಂಬಕ್ಕೆ ತಾಗದೆ ಅದರ ಮೂಲಕವೇ ಹಾದುಹೋಗುತ್ತಿತ್ತು. ಕಂಬದ ದಪ್ಪ 4 ಚುಕ್ಕಿ; ಒಂದು ಫ್ರೇಮಿನಲ್ಲಿ ಅದಕ್ಕಿಂತ ಹೆಚ್ಚು ಜಿಗಿಯುವ ಚೆಂಡು ಮೊದಲ ಫ್ರೇಮಿನಲ್ಲಿ ಕಂಬದ ಈಚೆ, ಮುಂದಿನದರಲ್ಲಿ ಆಚೆ. ಪ್ರತಿ ಚಲನೆಯನ್ನು 2 ಚುಕ್ಕಿಯ ಸಣ್ಣ ಹೆಜ್ಜೆಗಳಾಗಿ ಒಡೆದು, ಹೆಜ್ಜೆ ಹೆಜ್ಜೆಗೂ ತಾಕಿತೇ ಎಂದು ನೋಡುವಂತೆ ಮಾಡಿದ ಮೇಲೆ ಕಂಬ ಕಂಬವಾಯಿತು.

ಏಪ್ರಿಲ್ 27

ಆಟ ಪದೇ ಪದೇ ಕೈಕೊಟ್ಟಿದ್ದು ಆಟಗಾರನನ್ನು ಬದಲಿಸುವ ಜಾಗದಲ್ಲಿ. ಚೆಂಡಿಗೆ ಹತ್ತಿರವಿರುವ ಆಟಗಾರನಿಗೆ ಹಿಡಿಕೆಯ ಹಿಡಿತ ತಾನಾಗಿ ಹೋಗಲಿ ಎಂದು ಬರೆದಿದ್ದೆ. ಇಬ್ಬರು ಸಮಾನ ದೂರದಲ್ಲಿದ್ದಾಗ ಹಿಡಿತ ಅವರ ನಡುವೆ ಕ್ಷಣಕ್ಷಣಕ್ಕೂ ತೂಗಾಡುತ್ತಿತ್ತು. ಹುಡುಗಿ ಎಡಕ್ಕೆ ಓಡಿಸುತ್ತಿದ್ದವನು ನಿಂತು ಬೇರೊಬ್ಬ ಎಡಕ್ಕೆ ಓಡುತ್ತಿದ್ದ. ಈಗ ಮೂರು ಕಟ್ಟಳೆಗಳಿವೆ: ಚೆಂಡು ನಮ್ಮವರ ಕಾಲಲ್ಲಿದ್ದರೆ ಬದಲಿಲ್ಲ, ಇನ್ನೊಬ್ಬ ಕನಿಷ್ಠ 20 ಚುಕ್ಕಿಯಷ್ಟು ಹೆಚ್ಚು ಹತ್ತಿರವಿದ್ದರಷ್ಟೇ ಬದಲು, ಒಮ್ಮೆ ಬದಲಾದ ಮೇಲೆ 20 ಫ್ರೇಮಿನವರೆಗೆ ಮತ್ತೆ ಬದಲಿಲ್ಲ. ಹಿಡಿತದಲ್ಲಿರುವವನ ಕಾಲಡಿ ಒಂದು ಬಿಳಿ ಬಳೆ ಕಾಣುತ್ತದೆ. ಇಷ್ಟರಿಂದಲೇ ಅವಳು ಮೊದಲ ಬಾರಿಗೆ ಪೂರ್ತಿ ಪಂದ್ಯವನ್ನು ಆಡಿದಳು.

ಗುಂಡಿಯನ್ನು ಒತ್ತಿ ಹಿಡಿದಷ್ಟೂ ಬಲ ಹೆಚ್ಚಿ, ಬಿಟ್ಟಾಗ ಒದೆಯುವ ಪದ್ಧತಿಯನ್ನು ಅನೇಕ ಆಟಗಳಿಂದ ಕಲಿತು ಹಾಗೆಯೇ ಬರೆದಿದ್ದೆ. ಚಿಕ್ಕ ಮಕ್ಕಳು ಗುಂಡಿಯನ್ನು ಒತ್ತಿದರೆ ಬಿಡುವುದಿಲ್ಲ, ಒತ್ತಿಯೇ ಇರುತ್ತಾರೆ. ಅವರ ಮನಸ್ಸಿನಲ್ಲಿ ಒದೆತ ನಡೆಯುವುದು ಒತ್ತಿದ ಕ್ಷಣದಲ್ಲೇ. ಆದ್ದರಿಂದ ಒತ್ತಿದಾಗಲೇ ಒದೆತ, ಬಲವನ್ನು ಗೋಲಿಗಿರುವ ದೂರ ನಿರ್ಧರಿಸುತ್ತದೆ. ಜೊತೆಗೆ ಅವರು ಚೆಂಡು ಕಾಲಿಗೆ ಬರುವ ಮೊದಲೇ ಒತ್ತಿಬಿಡುತ್ತಾರೆ. ಹಾಗೆ ಒತ್ತಿದ್ದನ್ನು ಆಟ ಮರೆತುಬಿಟ್ಟರೆ ಮಗುವಿಗೆ ಗುಂಡಿ ಕೆಟ್ಟಿದೆ ಎನಿಸುತ್ತದೆ. ಒತ್ತನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು, ಚೆಂಡು ತಾಗಿದೊಡನೆ ಒದೆಯುವಂತೆ ಬರೆದೆ. ನೆನಪಿನ ಅವಧಿ 4 ಫ್ರೇಮು ಸಾಲದಾಯಿತು. 12 ಫ್ರೇಮು ಇಟ್ಟಾಗ ಅವರು ಮನಸ್ಸು ಬದಲಿಸಿದ ಮೇಲೂ ಒದೆತ ಬೀಳುತ್ತಿತ್ತು. 8 ಫ್ರೇಮು, ಅಂದರೆ 133 ಮಿಲಿಸೆಕೆಂಡ್, ಹದವಾಗಿ ಕೂತಿದೆ.

ಏಪ್ರಿಲ್ 29

ಗೋಲ್‌ಕೀಪರನ ಲೆಕ್ಕವನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಮಕ್ಕಳ ಫುಟ್‌ಬಾಲ್ ಆಟದ ಸುಖವೆಲ್ಲ ಇವನ ಮೇಲೆ ನಿಂತಿದೆ. ಅವನು ಗೋಲಿನ ನಡುವೆ ನಿಂತು ಚೆಂಡಿನ ಕಡೆಗೆ ಫ್ರೇಮಿಗೆ 1.2 ಚುಕ್ಕಿಯಂತೆ ಸರಿಯುತ್ತಾನೆ. ಅವನ ಮೈಯ ಅರ್ಧ ಅಗಲ 6 ಚುಕ್ಕಿ. 90 ಚುಕ್ಕಿ ದೂರದಿಂದ ಫ್ರೇಮಿಗೆ 5ರ ವೇಗದಲ್ಲಿ ಒದ್ದ ಚೆಂಡು ಗೋಲನ್ನು ಮುಟ್ಟಲು ಸುಮಾರು 21 ಫ್ರೇಮು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಕೀಪರ್ 25 ಚುಕ್ಕಿ ಸರಿದು, ಮೈಯಗಲ ಸೇರಿ 31ರವರೆಗೆ ಮುಚ್ಚುತ್ತಾನೆ. ಗೋಲಿನ ಅರ್ಧ ಅಗಲ ಇರುವುದೇ 26. ಅಂದರೆ ಗೋಲು ಬೀಳಲು ಸಾಧ್ಯವೇ ಇರಲಿಲ್ಲ. ಮೊದಲ ದಿನ ಇಬ್ಬರೂ ಅರ್ಧ ಗಂಟೆ ಆಡಿ ಸೊನ್ನೆ-ಸೊನ್ನೆಯಲ್ಲೇ ಎದ್ದುಹೋದದ್ದಕ್ಕೆ ಕಾರಣ ಇದು.

ಕೀಪರನನ್ನು ನಿಧಾನ ಮಾಡುವುದು ಸುಲಭದ ದಾರಿ, ಆದರೆ ಆಗ ಅವನು ನಿದ್ದೆಗಣ್ಣಿನವನಂತೆ ಕಾಣುತ್ತಾನೆ. ಬದಲಿಗೆ ಅವನಿಗೆ ಮನುಷ್ಯನ ಕಣ್ಣು ಕೊಟ್ಟೆ. ನೋಡಿದ್ದಕ್ಕೆ ಮನುಷ್ಯನ ಮೈ ಸ್ಪಂದಿಸಲು ಸುಮಾರು 200 ಮಿಲಿಸೆಕೆಂಡ್ ಬೇಕು, ಅಂದರೆ 12 ಫ್ರೇಮು. ಒದೆತ ಬಿದ್ದ 12 ಫ್ರೇಮಿನ ನಂತರ ಹೊರಟ ಕೀಪರ್ ಉಳಿದ 9 ಫ್ರೇಮಿನಲ್ಲಿ 11 ಚುಕ್ಕಿಯಷ್ಟೇ ಸರಿಯಬಲ್ಲ. ಎರಡೂ ಕಂಬಗಳ ಪಕ್ಕದಲ್ಲಿ 9 ಚುಕ್ಕಿ ತೆರೆದುಕೊಳ್ಳುತ್ತದೆ. ನಡುವಿಗೆ ಒದ್ದರೆ ಹಿಡಿಯುತ್ತಾನೆ, ಮೂಲೆಗೆ ಒದ್ದರೆ ಹಾರಿಯೂ ಸಿಗುವುದಿಲ್ಲ. ಹುಡುಗ ಈ ಗುಟ್ಟನ್ನು ತಾನೇ ಕಂಡುಕೊಳ್ಳಲು ಒಂದು ಮಧ್ಯಾಹ್ನ ಸಾಕಾಯಿತು, ಯಾರೂ ಹೇಳಿಕೊಡಲಿಲ್ಲ.

ಮೇ 2

ಅಣ್ಣ ಗೆಲ್ಲುತ್ತಲೇ ಹೋದ. 7-0, 9-1. ತಂಗಿ ಬೇಸರಪಡಬಾರದೆಂದು, ಸೋಲುತ್ತಿರುವ ಬದಿಯ ಎದುರಿನ ಕೀಪರ್ ಮಂಕಾಗುವಂತೆ ಗುಟ್ಟಾಗಿ ಬರೆದೆ: ಅಂತರ ಮೂರಾದ ಕೂಡಲೇ ಅವನ ಕಣ್ಣು 12ರ ಬದಲು 30 ಫ್ರೇಮು ತಡವಾಗುತ್ತದೆ. ಅಂಕಗಳು ಹತ್ತಿರ ಬಂದವು. ಆದರೆ ಎರಡನೆಯ ಪಂದ್ಯ ಮುಗಿಯುವ ಮೊದಲೇ ಹುಡುಗ, "ಕೀಪರ್ ಬೇಕಂತ ಬಿಡ್ತಿದಾನೆ ಮಾಮ" ಎಂದು ಹಿಡಿಕೆಯನ್ನು ಬಿಟ್ಟ. ಅದಕ್ಕಿಂತ ನನ್ನನ್ನು ಹೆಚ್ಚು ತಟ್ಟಿದ್ದು ಹುಡುಗಿಯ ಮುಖ. ಗೋಲು ಬಿದ್ದಾಗ ಅವಳು ನೆಗೆಯಲಿಲ್ಲ; ಅದು ತನ್ನದಲ್ಲವೆಂದು ಅವಳಿಗೂ ಗೊತ್ತಿತ್ತು. ಗೋಲಿನ ಬಾಯಲ್ಲಿ ಕೊಟ್ಟ ನೆರವು ಭಿಕ್ಷೆಯಂತೆ ಕಾಣುತ್ತದೆ, ಎರಡೂ ಕಡೆಯ ಮಕ್ಕಳಿಗೆ.

ಅಂದೇ ರಾತ್ರಿ ಆ ಸಾಲುಗಳನ್ನು ಅಳಿಸಿದೆ. ನೆರವು ಬೇಕಾದದ್ದು ಅಂಕಕ್ಕಲ್ಲ, ಕಾಲಿಗೆ. ಆಟಗಾರನ ಪಾದದಿಂದ 6 ಚುಕ್ಕಿಯೊಳಗೆ ಬಂದ ಚೆಂಡು ಅವನದಾಗುತ್ತದೆ ಎಂಬುದು ಕಟ್ಟಳೆ. ಒಂದು ಸ್ವಿಚ್ ಹಾಕಿದರೆ ಆ ಬದಿಯವರಿಗೆ ಅದು 10 ಚುಕ್ಕಿ ಆಗಲಿ, ಒದೆತ ಗೋಲಿನ ದಿಕ್ಕಿಗೆ 25 ಡಿಗ್ರಿಯೊಳಗಿದ್ದರೆ ಚೆಂಡು ಗೋಲಿನ ಬಾಯಿಯ ಕಡೆಗೇ ಹೊರಡಲಿ. ಆದರೆ ಯಾವ ಮೂಲೆಗೆ ಎಂಬುದನ್ನು ಹಿಡಿಕೆಯೇ ಹೇಳಬೇಕು, ಕೀಪರ್ ಎಂದಿನಂತೆಯೇ ಹಾರಬೇಕು. ಈ ಸ್ವಿಚ್ಚನ್ನು ಮುಚ್ಚಿಡದೆ ಎರಡೂ ಬದಿಯ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂರಿಸಿ, ಏನು ಮಾಡುತ್ತದೆಂದು ಇಬ್ಬರಿಗೂ ವಿವರಿಸಿದೆ. ಹುಡುಗಿ ಅದಕ್ಕೆ "ದೊಡ್ಡ ಕಾಲು" ಎಂದು ಹೆಸರಿಟ್ಟಳು. ಹುಡುಗನಿಂದ ತಕರಾರು ಬರಲಿಲ್ಲ. ಅವರ ಅಜ್ಜಿ ಹಳದಿ ಬದಿಗೆ ಬಂದು ನಿಂತ ಸಂಜೆ ಅವನೇ ಮುಂದಾಗಿ, "ಅಜ್ಜಿ, ನಿನಗೆ ದೊಡ್ಡ ಕಾಲು ಹಾಕ್ತೀನಿ ಇರು" ಎಂದು ಸ್ವಿಚ್ ಒತ್ತಿದ.

ಮೇ 6

ಮಧ್ಯಾಹ್ನ ಮೂರಕ್ಕೆ ಆಟ ಇದ್ದಕ್ಕಿದ್ದಂತೆ ತೂಕಡಿಸತೊಡಗಿತು. ಚೆಂಡು ನೀರಿನಲ್ಲಿ ತೇಲುವಂತೆ ಹೋಗುತ್ತಿತ್ತು. ಎಣಿಸಿ ನೋಡಿದರೆ 60ರ ಬದಲು 38 ಫ್ರೇಮು. ಹೊರಗೆ ಸುಡುಬಿಸಿಲು, ಪೆಟ್ಟಿಗೆಯ ಒಳಗೆ ಪೈಯ ಚಿಪ್ (ಪ್ರೊಸೆಸರ್) 81 ಡಿಗ್ರಿ. 80 ದಾಟಿದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಶಾಖವೇ ಕಾರಣವೆಂದು ಹಿಂಬದಿಗೆ ಮೇಲೆ ಕೆಳಗೆ ರಂಧ್ರಗಳ ಸಾಲು ಕೊರೆಸಿ, ಚಿಪ್ಪಿಗೆ ಅಲ್ಯೂಮಿನಿಯಂ ತುಂಡು ಅಂಟಿಸಿ, 5 ವೋಲ್ಟಿನ ಸಣ್ಣ ಫ್ಯಾನನ್ನು ಗಾಳಿ ಹೊರದೂಡುವಂತೆ ಕೂರಿಸಿದೆ. 64ಕ್ಕೆ ಇಳಿಯಿತು. ಆದರೂ ಮಾರನೆಯ ದಿನ ಮತ್ತೆ ತೂಕಡಿಕೆ.

ಏನು ತೊಂದರೆಯಾಗಿತ್ತೆಂದು ಕೇಳಿದರೆ ಹೇಳುವ ಆದೇಶವೊಂದು ಪೈಯಲ್ಲಿದೆ. ಅದು ಹದಿನಾರರ ಸಂಖ್ಯಾಪದ್ಧತಿಯಲ್ಲಿ 50000 ಎಂದು ಉತ್ತರಿಸಿತು. ಬಿಡಿಸಿದರೆ ಎರಡು ಸುದ್ದಿ: ಎದ್ದಾಗಿನಿಂದ ಎಂದೋ ವೋಲ್ಟೇಜ್ ಕುಸಿದಿದೆ, ಎಂದೋ ವೇಗ ಇಳಿಸಲಾಗಿದೆ. ನಾನು ಮೊಬೈಲ್ ಚಾರ್ಜರ್ ಒಂದನ್ನು ತೆಳ್ಳಗಿನ ಉದ್ದ ಕೇಬಲಿನಿಂದ ಜೋಡಿಸಿದ್ದೆ. ಆಟ ನಡೆಯುತ್ತಿರುವಾಗಲೇ ಪಿನ್ನುಗಳ ಮೇಲೆ ಮಲ್ಟಿಮೀಟರ್ ಇಟ್ಟಾಗ 4.58 ವೋಲ್ಟ್ ಕಂಡಿತು. ಪೈ ಸಹಿಸುವ ಕೆಳಮಿತಿ 4.63. ಪೈಗೆಂದೇ ಮಾಡಿದ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಹಾಕಿದ ಮೇಲೆ 5.05 ಬಂತು, ಆ ಸಂಖ್ಯೆ ಸೊನ್ನೆಯಾಯಿತು. ಎರಡು ಕಾಯಿಲೆಗಳು ಒಂದೇ ಲಕ್ಷಣ ತೋರಿಸುವಾಗ ಒಂದಕ್ಕೆ ಮದ್ದು ಕೊಟ್ಟು ನಿಲ್ಲುವುದು ಸುಲಭ. ಅಳೆಯದೆ ಇದ್ದಿದ್ದರೆ ನಾನು ಇನ್ನೊಂದು ಫ್ಯಾನ್ ಹಾಕಿಬಿಡುತ್ತಿದ್ದೆ. ಚೆಂಡಿನ ಚಲನೆ ಚಿತ್ರ ಬಿಡಿಸುವ ವೇಗಕ್ಕೆ ಕಟ್ಟುಬಿದ್ದಿದ್ದೂ ನನ್ನ ತಪ್ಪೇ ಆಗಿತ್ತು. ಈಗ ಲೆಕ್ಕ ಗಡಿಯಾರದ ಪ್ರಕಾರ ಸೆಕೆಂಡಿಗೆ 60 ಸಲ ನಡೆಯುತ್ತದೆ. ಚಿತ್ರ ಒಂದೆರಡು ತಪ್ಪಿದರೂ ಚೆಂಡು ನಿಧಾನವಾಗುವುದಿಲ್ಲ.

ಮೇ 9

ಪರದೆಯ ಮೇಲಿನ ಮಾತೆಲ್ಲ ಕನ್ನಡದಲ್ಲಿರಬೇಕೆಂದು ಮೊದಲೇ ಅಂದುಕೊಂಡಿದ್ದೆ. ಪಂದ್ಯ ಮುಗಿದ ಮೇಲೆ "ಮತ್ತೊಮ್ಮೆ" ಎಂದು ಬರಬೇಕಾದ ಕಡೆ ಒತ್ತಕ್ಷರಗಳು ಕೆಳಗಿಳಿಯದೆ, ತ್ ಪಕ್ಕದಲ್ಲಿ ತೊ, ಮ್ ಪಕ್ಕದಲ್ಲಿ ಮೆ ಎಂದು ಬಿಡಿಬಿಡಿಯಾಗಿ ನಿಂತವು. ಈಗಷ್ಟೇ ಒತ್ತಕ್ಷರ ಕಲಿಯುವ ಮಗುವಿನ ಕಣ್ಣೆದುರು ಇಂಥ ಬರಹವನ್ನು ಇಡಬಾರದು. ಫಾಂಟ್ ಸರಿಯಾಗಿಯೇ ಇತ್ತು. ಅಕ್ಷರಗಳನ್ನು ಕೂಡಿಸಿ ಗುಣಿತ ಮತ್ತು ಒತ್ತುಗಳನ್ನು ಜಾಗಕ್ಕೆ ಕೂರಿಸುವ ಕೆಲಸವನ್ನು ನನ್ನಲ್ಲಿದ್ದ ಪೈಗೇಮ್ ಮಾಡುತ್ತಿರಲಿಲ್ಲ. ಆಟಕ್ಕೆ ಬೇಕಾದ ಪದಗಳು ಹತ್ತು ಹನ್ನೆರಡು ಮಾತ್ರ. ಅವನ್ನೂ ೦ಯಿಂದ ೯ರವರೆಗಿನ ಅಂಕಿಗಳನ್ನೂ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಸರಿಯಾಗಿ ಬರೆದು, ಚಿತ್ರಗಳಾಗಿ ಉಳಿಸಿ, ಆಟದಲ್ಲಿ ಅಂಟಿಸಿದೆ. ಹುಡುಗಿ ಈಗ ಅಂಕಪಟ್ಟಿಯಲ್ಲಿ ಕನ್ನಡದ ಅಂಕಿಗಳನ್ನು ತಡವರಿಸದೆ ಓದುತ್ತಾಳೆ.

ಸದ್ದಿಗೆ ಸಣ್ಣ ಆಂಪ್ಲಿಫೈಯರ್ ಮತ್ತು ಒಂದು ಸ್ಪೀಕರ್. ಒದೆತದ ಸದ್ದು ಒದ್ದ ಮೇಲೆ ತಡವಾಗಿ ಕೇಳುತ್ತಿತ್ತು. ಕರಕರ ಬರಬಾರದೆಂದು ಸದ್ದಿನ ಬಫರನ್ನು, ಅಂದರೆ ನುಡಿಸುವ ಮೊದಲು ಕೂಡಿಡುವ ಸದ್ದಿನ ಮಾದರಿಗಳ ಸಂಖ್ಯೆಯನ್ನು, 4096 ಇಟ್ಟಿದ್ದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಅಷ್ಟೇ 93 ಮಿಲಿಸೆಕೆಂಡ್ ತಡ. 512 ಮಾಡಿದಾಗ ತಡ 12ಕ್ಕಿಳಿಯಿತು, ಕರಕರವೂ ಬರಲಿಲ್ಲ. ಗೋಲು ಬಿದ್ದಾಗಿನ ಕೂಗು ಬೀದಿಯ ಮಕ್ಕಳದ್ದೇ. ಮಂಡಕ್ಕಿ ಮೆಣಸಿನಕಾಯಿ ಕೊಡಿಸುವ ಮಾತಿನ ಮೇಲೆ ಏಳು ಮಂದಿ ನಮ್ಮ ಮೊಗಸಾಲೆಯಲ್ಲಿ ನಿಂತು ಕೂಗಿದರು, ನಾನು ಮೊಬೈಲಿನಲ್ಲಿ ಮುದ್ರಿಸಿಕೊಂಡೆ.

ಮೇ 14

ಮಕ್ಕಳು ಆಟ ಸಾಕೆನಿಸಿದರೆ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಾರೆ, ಕರೆಂಟ್ ಕೂಡ ಹೇಳದೆ ಹೋಗುತ್ತದೆ. ಬರೆಯುತ್ತಿರುವಾಗ ಹೀಗೆ ಆರಿದರೆ ಮೆಮೊರಿ ಕಾರ್ಡ್ ಕೆಡುತ್ತದೆ; ಒಮ್ಮೆ ಕೆಟ್ಟು ಎಲ್ಲವನ್ನೂ ಮತ್ತೆ ಹಾಕಬೇಕಾಯಿತು. ಈಗ ಕಾರ್ಡಿಗೆ ಏನನ್ನೂ ಬರೆಯದೆ, ಬದಲಾವಣೆಗಳೆಲ್ಲ ತಾತ್ಕಾಲಿಕವಾಗಿ ಮೆಮೊರಿಯಲ್ಲಿ ಮಾತ್ರ ಇರುವ ಏರ್ಪಾಡನ್ನು ಚಾಲೂ ಮಾಡಿದ್ದೇನೆ. ಇದರಿಂದ ಹಿಂದಿನ ಪಂದ್ಯಗಳ ದಾಖಲೆ ಉಳಿಯುವುದಿಲ್ಲ. ಹುಡುಗ ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಡುತ್ತಾನೆ, ಅದು ಸಾಕು.

ಜೂನ್ 1

ಶಾಲೆ ತೆರೆಯಿತು, ಮಕ್ಕಳು ಊರಿಗೆ ಹೋದರು. ಪೆಟ್ಟಿಗೆಯನ್ನು ಪಡಸಾಲೆಯಲ್ಲೇ ಇಟ್ಟಿದ್ದೇನೆ, ಸಂಜೆ ಬೀದಿಯ ಮಕ್ಕಳು ಬರುತ್ತಾರೆ. ಹೊರಡುವ ಹಿಂದಿನ ದಿನ ನೀಲಿ ಬದಿಯ ಒದೆಯುವ ಗುಂಡಿ ನಡುನಡುವೆ ಕೈಕೊಡತೊಡಗಿತ್ತು. ಇವತ್ತು ಹಲಗೆ ಎತ್ತಿ ನೋಡಿದರೆ ಮೈಕ್ರೋಸ್ವಿಚ್ಚಿನ ಒಳಗಿನ ನಾಲಿಗೆ ಬಾಗಿಹೋಗಿದೆ. ಎರಡು ತಿರುಪು, ಎರಡು ತಂತಿ. ಹತ್ತು ನಿಮಿಷದಲ್ಲಿ ಬದಲಾಯಿಸಿದೆ. ಹಳದಿ ಬದಿಯದು ಇನ್ನೂ ಮೊದಲು ಹಾಕಿದ್ದೇ ಇದೆ. ನೀಲಿ ಬದಿಯ ದೊಡ್ಡ ಕಾಲಿನ ಸ್ವಿಚ್ ಆರಿಸಿಯೇ ಇತ್ತು. ಹೋಗುವ ಮುನ್ನ ಆಡಿದ ಕೊನೆಯ ಪಂದ್ಯವನ್ನು ಅವಳು ಅದಿಲ್ಲದೆ ಆಡಿದ್ದಾಳೆ. ಕ್ಯಾಲೆಂಡರಿನ ಹಿಂದೆ ಅವಳ ಅಣ್ಣ ೪-೩ ಎಂದು ಬರೆದಿದ್ದಾನೆ, ಮೂರು ಅವಳದು.